ಮಳೆಗೆ ಮನೆ ಬಿಟ್ಟು ಮೈಸೂರಿಗೆ: ನಾಯಿ ಜೊತೆ ತಾತ್ಕಾಲಿಕ ಬಿಡಾರ ಹೂಡುವುದು ಹೇಗೆ?

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲ ಕಡೆ ಗುಡ್ಡಗಳು ಜಾರಿದಾಗ ಕೊಡಗಿನ ಸಾವಿರಾರು ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಈಗ ಮಳೆಗಾಲ ಶುರುವಾದರೆ ಗುಡ್ಡದ ಬುಡದ ಮನೆಗಳಿಗೆ ‘ಜಾಗ ಖಾಲಿ ಮಾಡಿ’ ಎಂಬ ನೋಟಿಸ್ ಬರುವುದು ಮಾಮೂಲು. ಮೊದಲು ಕಾಳಜಿ ಕೇಂದ್ರ, ಆಮೇಲೆ ನೆಂಟರ ಮನೆ, ಕೊನೆಗೆ ಮೈಸೂರಿನಲ್ಲೊಂದು ಬಾಡಿಗೆ ಮನೆ. ಬಹಳ ಮಂದಿ ಹಿಡಿಯುವ ದಾರಿ ಇದು.

ಜೊತೆಗೊಂದು ನಾಯಿ ಇದ್ದರೆ ಕತೆ ಸ್ವಲ್ಪ ಉದ್ದವಾಗುತ್ತದೆ. ತೋಟದ ನಾಯಿಗೆ ಚೈನು ಗೊತ್ತಿಲ್ಲ, ಗೇಟು ಗೊತ್ತಿಲ್ಲ, ಲಿಫ್ಟು ಗೊತ್ತಿಲ್ಲ. ಹಗಲೆಲ್ಲ ಕಣದಲ್ಲಿ ಬಿದ್ದುಕೊಂಡು, ರಾತ್ರಿ ತೋಟ ಸುತ್ತಿ ಬರುವುದು ಅದರ ದಿನಚರಿ. ಊಟ, ಹಾಸಿಗೆಗೆ ಮೈಸೂರಿನಲ್ಲಿ ಹೇಗೋ ದಾರಿಯಾಗುತ್ತದೆ. ಭಯ ಇರುವುದು ಬೇರೆ ಕಡೆ: ಬಂದ ಮೊದಲ ವಾರದಲ್ಲೇ ನಾಯಿ ತಪ್ಪಿಸಿಕೊಳ್ಳುತ್ತದೆ. ಊರಲ್ಲಾದರೆ ಸಂಜೆಗೆ ತಾನೇ ಬರುತ್ತಿತ್ತು. ಇಲ್ಲಿ ಬರಲು ಅದಕ್ಕೆ ಮನೆ ಯಾವುದೆಂದೇ ಗೊತ್ತಿಲ್ಲ. ಹಾಗಾಗಿ ಮೊದಲ ದಿನಗಳ ಎಲ್ಲ ಏರ್ಪಾಡೂ ನಾಯಿ ಕಳೆದುಹೋಗದಂತೆ ನೋಡಿಕೊಳ್ಳುವುದರ ಸುತ್ತಲೇ ಇರಲಿ.

ಹೊರಡುವಾಗ

ಲಸಿಕೆ ಪುಸ್ತಕದ ಎಲ್ಲ ಪುಟಗಳ ಫೋಟೊ ಮೊಬೈಲಿನಲ್ಲಿರಲಿ. ಪುಸ್ತಕ ನೆನೆದುಹೋದರೂ ಫೋಟೊ ಉಳಿಯುತ್ತದೆ. ನಾಯಿಯ ಎರಡೂ ಮಗ್ಗುಲಿನ ಫೋಟೊ, ನೀವು ಅದರ ಪಕ್ಕದಲ್ಲಿ ನಿಂತ ಒಂದು ಫೋಟೊ ತೆಗೆದಿಡಿ. ನಾಳೆ ಯಾರಾದರೂ ‘ನಿಮ್ಮದೇ ಎನ್ನುವುದಕ್ಕೆ ಏನು ಗುರುತು?’ ಎಂದರೆ ಬೇಕಾಗುತ್ತದೆ.

ಅದು ಮಲಗುವ ಗೋಣಿಚೀಲವನ್ನೋ ಹಳೇ ಕಂಬಳಿಯನ್ನೋ ಒಗೆಯದೆ ಹಾಗೇ ತನ್ನಿ. ವಾಸನೆ ಬರುತ್ತದೆ, ನಿಜ. ಆ ವಾಸನೆಗೋಸ್ಕರವೇ ತರುವುದು. ಹೊಸ ಮನೆಯಲ್ಲಿ ನಾಯಿಗೆ ಗುರುತು ಸಿಗುವ ಜಾಗ ಅದೊಂದೇ.

ಕೊಡಗಿಗೆ ರೈಲಿಲ್ಲ. ಸ್ವಂತ ವಾಹನ, ಇಲ್ಲವೇ ಬಸ್ಸು. ಸರ್ಕಾರಿ ಕೆಂಪು ಬಸ್ಸಿನಲ್ಲಿ ಟಿಕೆಟ್ ತೆಗೆದು ನಾಯಿಯನ್ನು ಕರೆದುಕೊಂಡು ಹೋಗಬಹುದು. ಎಸಿ, ರಾಜಹಂಸದಲ್ಲಿ ಬಿಡುವುದಿಲ್ಲ. ಹಿಂದಿನ ಸೀಟಿನ ಮೂಲೆ ಹಿಡಿಯಿರಿ, ಚೈನು ಗಿಡ್ಡವಾಗಿ ಹಿಡಿದುಕೊಳ್ಳಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಕುಶಾಲನಗರ ಮುಟ್ಟುವವರೆಗೆ ತಿರುವು ಜಾಸ್ತಿ. ಹೊರಡುವ ನಾಲ್ಕೈದು ಗಂಟೆ ಮೊದಲಿನಿಂದ ಊಟ ಕೊಡಬೇಡಿ, ನೀರು ಮಾತ್ರ ಸಾಕು. ಕಾರಿನಲ್ಲಿ ಹೋಗುವವರು ಹುಣಸೂರಿನ ಹತ್ತಿರ ನಿಲ್ಲಿಸಿದಾಗ ಮೊದಲು ಚೈನು ಕೈಗೆ ತೆಗೆದುಕೊಳ್ಳಿ, ಬಾಗಿಲು ಆಮೇಲೆ ತೆಗೆಯಿರಿ. ಹೆದರಿದ ನಾಯಿ ಹೊರಗೆ ಹಾರಲು ಬಾಗಿಲು ಒಂದು ಗೇಣು ತೆರೆದರೂ ಸಾಕು.

ಬೆಲ್ಟಿನ ವಿಷಯ

ಸ್ವಲ್ಪ ದೊಡ್ಡದಾಗಿಯೇ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕುತ್ತಿಗೆ ಬೆಲ್ಟಿನ ಒಳಗೆ ನಿಮ್ಮ ಎರಡು ಬೆರಳು ಹೋಗುವಷ್ಟು ಜಾಗ ಇರಬೇಕು, ಮೂರನೆಯದು ಹೋಗಬಾರದು. ನಾಯಿ ಮುಂದಕ್ಕೆ ಎಳೆದಾಗ ಬೆಲ್ಟು ಗಟ್ಟಿಯಾಗಿಯೇ ಇರುತ್ತದೆ. ಅದು ಹೆದರಿ ಹಿಂದಕ್ಕೆ ಜಗ್ಗಿದಾಗ ನೋಡಿ, ಕಿವಿ ಮಡಚಿ ತಲೆಯನ್ನು ಸರಕ್ಕನೆ ಹೊರಗೆ ತೆಗೆದುಬಿಡುತ್ತದೆ. ಬಸ್ಸಿನ ಹಾರ್ನಿಗೆ, ಪಟಾಕಿಗೆ ಹೆದರಿದ ನಾಯಿಗಳು ತಪ್ಪಿಸಿಕೊಳ್ಳುವುದು ಹೀಗೇ. ಎದೆಗೆ ಹಾಕುವ ಹಾರ್ನೆಸ್ ಕೂಡ ತನ್ನಿ. ಮೊದಲ ದಿನಗಳಲ್ಲಿ ಬೆಲ್ಟಿಗೊಂದು, ಹಾರ್ನೆಸ್ಸಿಗೊಂದು, ಹೀಗೆ ಎರಡು ಹಗ್ಗ ಹಾಕಿ ಹೊರಗೆ ಕರೆದೊಯ್ಯಿರಿ. ನೋಡಿದವರು ನಗಬಹುದು, ನಗಲಿ ಬಿಡಿ.

ಬೆಲ್ಟಿನ ಮೇಲೆ ಅಳಿಸದ ಮಾರ್ಕರ್ ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ. ಆ ನಂಬರಿನವರು ತೋಟ ನೋಡಲು ಊರಿಗೆ ಹೋಗಿದ್ದರೆ ಮಳೆಯಲ್ಲಿ ನೆಟ್‌ವರ್ಕ್ ಸಿಗದೇ ಇರಬಹುದು. ಅದಕ್ಕೇ ಎರಡನೆಯದಾಗಿ ಮೈಸೂರಿನಲ್ಲೇ ಇರುವ ನೆಂಟರದೋ ಸ್ನೇಹಿತರದೋ ನಂಬರ್ ಬರೆಯಿರಿ. ನಾಯಿಯ ಹೆಸರು ಬರೆಯುವ ಅಗತ್ಯವಿಲ್ಲ.

ಮನೆ ಹುಡುಕುವುದು

ಫೋನಿನಲ್ಲಿ ಮೊದಲ ಮಾತಿಗೇ ನಾಯಿಯ ಸುದ್ದಿ ಹೇಳಿಬಿಡಿ. ‘ಸಾರ್, ನಾವು ಮಾದಾಪುರ ಕಡೆಯವರು. ಮಳೆಯಿಂದ ಮನೆ ಬಿಟ್ಟು ಬಂದಿದ್ದೀವಿ. ಎರಡು ಮೂರು ತಿಂಗಳಿಗೆ ಮನೆ ಬೇಕು. ಜೊತೆಗೊಂದು ನಾಯಿ ಇದೆ, ಇಂಜೆಕ್ಷನ್ ಎಲ್ಲ ಆಗಿದೆ.’ ಅಷ್ಟೇ ಸಾಕು. ಹತ್ತರಲ್ಲಿ ಏಳು ಜನ ಬೇಡ ಅಂದರೂ ಚಿಂತೆಯಿಲ್ಲ. ಮುಚ್ಚಿಟ್ಟು ಸೇರಿಕೊಂಡು, ಎರಡನೇ ದಿನ ಮಾಲೀಕರು ಗೇಟಿನಲ್ಲಿ ನಿಂತು ಕೂಗಾಡುವುದಕ್ಕಿಂತ ಅದು ವಾಸಿ, ಅಲ್ವಾ?

ಇನ್ನೊಂದು ಮಾತು ಮೊದಲೇ ಬಗೆಹರಿಯಲಿ. ಮೈಸೂರಿನ ಹಳೇ ಬಡಾವಣೆಗಳಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ಕಾಣುತ್ತದೆ. ನಾಯಿಗೆ ತಕರಾರಿಲ್ಲ ಎನ್ನುವ ಮಾಲೀಕರಿಗೂ ಅದಕ್ಕೆ ಬೇಯಿಸುವ ಬಾಡಿನ ವಾಸನೆಗೆ ತಕರಾರಿರಬಹುದು. ‘ನಾಯಿಗೆ ಕೋಳಿ ಬೇಯಿಸ್ತೀವಿ, ಪರವಾಗಿಲ್ವಾ?’ ಎಂದು ನೇರವಾಗಿ ಕೇಳಿ. ಮಾಲೀಕರು ಕೆಳಗೆ, ನೀವು ಮೇಲೆ ಇರುವ ಮನೆಯಾದರೆ ಇದು ಇನ್ನೂ ಮುಖ್ಯ.

ಜಾಗದ ವಿಷಯದಲ್ಲಿ ನನ್ನ ಆಯ್ಕೆ ಊರ ಪಡುವಣ ಅಂಚು: ಬೋಗಾದಿ, ಹಿನಕಲ್, ಇಲವಾಲದ ಕಡೆ. ಖಾಲಿ ಸೈಟುಗಳಿವೆ, ಮಣ್ಣಿದೆ, ಊರಿಗೆ ಹೋಗಿ ಬರಲು ಹುಣಸೂರು ರಸ್ತೆ ಹತ್ತಿರ. ನೆಲಮಹಡಿ, ಎದೆಯೆತ್ತರದ ಕಾಂಪೌಂಡು, ಕೆಳಗೆ ಸಂದಿಯಿಲ್ಲದ ಗೇಟು ಇದ್ದರೆ ಚೆನ್ನ. ಸಂದಿ ಇದ್ದರೆ ಹಲಗೆಯೋ ತಗಡೋ ಕಟ್ಟಿ ಮುಚ್ಚಿ. ವಿಜಯನಗರದ ಕೊಡವ ಸಮಾಜದಲ್ಲೂ ಒಮ್ಮೆ ವಿಚಾರಿಸಿ. ಗುರುತಿನವರ ಬಾಯಿಂದ ಬಾಯಿಗೆ ಸಿಗುವ ಮನೆಗಳಲ್ಲಿ ನಾಯಿಯ ರಗಳೆ ಕಡಿಮೆ.

ಅಪಾರ್ಟ್‌ಮೆಂಟ್ ಆದರೆ ಒಂದು ಮಾತು. ನಿವಾಸಿಗಳ ಸಂಘ ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಹಾಗಂತ ಮನೆ ಮಾಲೀಕರು ನಿಮಗೆ ಕೊಡಲೇಬೇಕು ಎಂದೇನಿಲ್ಲ. ಎರಡು ತಿಂಗಳ ವಾಸಕ್ಕೆ ಕಾಗದ ಹಿಡಿದು ಜಗಳಕ್ಕಿಳಿಯುವುದು ನನಗೆ ಸರಿ ಕಾಣುವುದಿಲ್ಲ. ಪಕ್ಕದ ಮನೆಯವರಿಗೆ ನಾಯಿಯನ್ನು ದೂರದಿಂದ ತೋರಿಸಿ, ಹೆಸರು ಹೇಳಿಡಿ. ನಾಳೆ ಅದು ಓಡಿಹೋದರೆ ಮೊದಲು ಫೋನ್ ಮಾಡುವವರು ಅವರೇ.

ಕರಾರು ಬರೆಸುವಾಗ ತಿಂಗಳ ಮುನ್ಸೂಚನೆ ಕೊಟ್ಟು ಬಿಡಬಹುದು, ಬೇಕಾದರೆ ಮುಂದುವರಿಸಬಹುದು ಎಂಬ ಎರಡೂ ಸಾಲು ಹಾಕಿಸಿ. 2018ರಲ್ಲಿ ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳಿಗೆ ಜಂಬೂರು, ಮದೆಯಲ್ಲಿ ಅವರಿಗಾಗಿ ಕಟ್ಟಿದ ಹೊಸ ಮನೆಗಳ ಬೀಗದ ಕೈ ಸಿಕ್ಕಿದ್ದು 2020ರಲ್ಲಿ. ತಾತ್ಕಾಲಿಕ ಅನ್ನುವುದು ಎಲ್ಲಿಗೆ ಹೋಗಿ ನಿಲ್ಲುತ್ತದೋ ಹೇಳಲಾಗದು.

ಮೊದಲ ದಿನಗಳು

ಮನೆಯೆಲ್ಲ ಒಂದೇ ಸಲ ತೋರಿಸಬೇಡಿ. ಒಂದು ಕೋಣೆ, ಅದರ ಕಂಬಳಿ, ನೀರು. ಬಾಗಿಲಿಗೆ ಬೋಲ್ಟ್. ಸಾಮಾನು ಇಳಿಸುವವರು ಬಂದು ಹೋಗುವ ಹೊತ್ತಿನಲ್ಲಂತೂ ನಾಯಿ ಒಳಗೇ ಇರಬೇಕು. ಒಂದೆರಡು ದಿನ ಊಟ ಬಿಡಬಹುದು, ಸ್ವಲ್ಪ ಭೇದಿಯಾಗಬಹುದು. ಗಾಬರಿ ಬೇಡ. ಮೊಸರನ್ನ, ಬೇಯಿಸಿದ ಕೋಳಿ ಕೊಡಿ. ಬೇಯಿಸಿದ ಮೂಳೆ ಮಾತ್ರ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ. ಊರಲ್ಲಿ ಊಟ ಹಾಕುತ್ತಿದ್ದ ಹೊತ್ತನ್ನು ಇಲ್ಲೂ ತಪ್ಪಿಸಬೇಡಿ. ನೀರು ಕುಡಿಯುತ್ತಿಲ್ಲ, ಭೇದಿಯಲ್ಲಿ ರಕ್ತ ಬರುತ್ತಿದೆ ಎಂದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಲಸಿಕೆ ಆಗದ ಮರಿಗಳಲ್ಲಿ ಅದು ಪಾರ್ವೊ ಎಂಬ ಮಾರಕ ವೈರಸ್ ಕಾಯಿಲೆ ಆಗಿರಬಹುದು.

ಇನ್ನೊಂದು ಪೀಕಲಾಟ ಉಚ್ಚೆಯದು. ಹುಲ್ಲು, ಮಣ್ಣು ಕಂಡ ನಾಯಿ ಟೈಲ್ಸ್ ಮೇಲೆ, ಟಾರ್ ರಸ್ತೆಯ ಮೇಲೆ ಮಾಡುವುದಿಲ್ಲ. ಅರ್ಧ ದಿನ ತಡೆದುಕೊಂಡು ಒದ್ದಾಡುತ್ತದೆ. ಗಾರೆ ಕೆಲಸದ ಬಾಂಡ್ಲಿಯೊಂದರಲ್ಲಿ ಖಾಲಿ ಸೈಟಿನ ಮಣ್ಣು, ಒಂದು ಹಿಡಿ ಹುಲ್ಲು ಹಾಕಿ ಟೆರೇಸಿನಲ್ಲೋ ಹಿತ್ತಲಲ್ಲೋ ಇಡಿ. ಅದರದೇ ಉಚ್ಚೆ ಸೋಕಿದ ಬಟ್ಟೆಯನ್ನು ಮಣ್ಣಿಗೊಮ್ಮೆ ಒತ್ತಿ. ಜಾಗ ಗೊತ್ತಾಗುತ್ತದೆ. ರಸ್ತೆಯಲ್ಲಿ ಮಾಡಿದ್ದನ್ನು ಹಳೇ ಪೇಪರಿನಲ್ಲಿ ಎತ್ತಿ. ಊರಿನಲ್ಲಿ ಈ ಪದ್ಧತಿ ಇಲ್ಲ, ಇಲ್ಲಿ ಎತ್ತದಿದ್ದರೆ ಬೀದಿಯವರೆಲ್ಲ ನಿಮ್ಮ ಎದುರಾಳಿಗಳು.

ವಾಕಿಂಗ್ ಬೆಳಿಗ್ಗೆ ಬೇಗ, ಒಂದೇ ದಾರಿಯಲ್ಲಿ. ಬೀದಿನಾಯಿಗಳಿಗೆ ಒಂದೊಂದು ಬೀದಿಯ ಗಡಿ ಇರುತ್ತದೆ. ಅವು ಗುರ್ ಎಂದರೆ ನಿಲ್ಲಬೇಡಿ, ಓಡಲೂ ಬೇಡಿ, ಪಕ್ಕಕ್ಕೆ ತಿರುಗಿ ನಡೆಯಿರಿ. ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ನಿಮಗೆ ಕಚ್ಚಿದರೂ ಅಷ್ಟೇ, ನಾಯಿಗೆ ಕಚ್ಚಿದರೂ ಅಷ್ಟೇ. ಹಿಂದೆ ರೇಬಿಸ್ ಲಸಿಕೆ ಆಗಿದ್ದರೂ ಡಾಕ್ಟರು ಮತ್ತೆ ಹಾಕಬೇಕಾಗುತ್ತದೆ.

ಆಗಸ್ಟ್‌ನಲ್ಲಿ ಬಂದವರಿಗೆ ಮೈಸೂರಿನದೇ ಒಂದು ತಮಾಷೆ ಕಾದಿರುತ್ತದೆ. ದುಬಾರೆ, ಮತ್ತಿಗೋಡಿನ ದಸರಾ ಆನೆಗಳೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅರಮನೆಗೆ ಬಂದಿಳಿಯುತ್ತವೆ. ಬೆಳಿಗ್ಗೆ ಸಂಜೆ ಅರಮನೆಯಿಂದ ಬನ್ನಿಮಂಟಪದವರೆಗೆ ಅವುಗಳ ತಾಲೀಮು. ಆನೆಯ ವಾಸನೆ ಗೊತ್ತಿರುವ ತೋಟದ ನಾಯಿ ಸಯ್ಯಾಜಿರಾವ್ ರಸ್ತೆಯಲ್ಲಿ ಅದನ್ನು ಹಿಡಿದರೆ ನಿಮ್ಮ ಗತಿ ಕೇಳಬೇಡಿ. ಆಮೇಲೆ ಗೌರಿ-ಗಣೇಶದ ಪಟಾಕಿ, ದಸರಾಕ್ಕೆ ಮೊದಲು ಫಿರಂಗಿ ಸಿಡಿಸುವ ಕುಶಾಲತೋಪಿನ ತಾಲೀಮು. ಆ ದಿನಾಂಕಗಳನ್ನು ಪೇಪರಿನಲ್ಲಿ ನೋಡಿಟ್ಟುಕೊಂಡು, ಅವತ್ತು ಕಿಟಕಿ ಮುಚ್ಚಿ, ಫ್ಯಾನ್ ಟಿವಿ ಹಾಕಿ, ನಾಯಿಯ ಜೊತೆ ಒಳಗೇ ಇರಿ.

ಡಾಕ್ಟರಿಗೆ ಊರು ಹೇಳಿ

ಬಂದ ಮೊದಲ ವಾರದಲ್ಲೇ ಸರ್ಕಾರಿ ಪಶು ಆಸ್ಪತ್ರೆಗೋ ಹತ್ತಿರದ ಕ್ಲಿನಿಕ್ಕಿಗೋ ಒಮ್ಮೆ ಹೋಗಿ ಬನ್ನಿ. ರೋಗ ಇಲ್ಲದಿದ್ದರೂ ಹೋಗಿ. 1962 ಸಹಾಯವಾಣಿ ಇದೆ, ಆದರೆ ಅದರ ಗಾಡಿಗಳು ಹೆಚ್ಚಾಗಿ ದನ, ಕುರಿಗಳ ಕೆಲಸದಲ್ಲಿರುತ್ತವೆ. ಅದನ್ನೇ ನೆಚ್ಚಿಕೊಳ್ಳಬೇಡಿ.

ಮುಖ್ಯವಾಗಿ ಯಾವ ಊರಿನಿಂದ ಬಂದಿದ್ದೀರಿ, ನಾಯಿ ಯಾವ ನೀರಿನಲ್ಲಿ ಓಡಾಡಿತ್ತು ಎಂದು ಹೇಳಿ. ಇದಕ್ಕೆ ಕಾರಣ ಇದೆ. ನಾಯಿ ಪದೇ ಪದೇ ಸೀನುತ್ತಿದೆ, ಒಂದೇ ಹೊಳ್ಳೆಯಿಂದ ರಕ್ತ ತೊಟ್ಟಿಕ್ಕುತ್ತಿದೆ ಎಂದುಕೊಳ್ಳಿ. ಪಟ್ಟಣದ ಡಾಕ್ಟರಿಗೆ ಮೊದಲು ಹೊಳೆಯುವುದು ಉಣ್ಣೆ ಹುಳು ಕಚ್ಚಿ ಬರುವ ಜ್ವರ. ಅದರಲ್ಲೂ ಮೂಗಿನಿಂದ ರಕ್ತ ಬರುವುದುಂಟು, ರಕ್ತ ಪರೀಕ್ಷೆ ಮಾಡಿಸಲೇಬೇಕು. ಆದರೆ ತೋಡಿನ ನೀರು ಕುಡಿದ ನಾಯಿಯ ಮೂಗಿನೊಳಗೆ ಜಿಗಣೆ ಸೇರಿಕೊಂಡಿರುವುದೂ ಉಂಟು. ಒಳಗೆ ವಾರಗಟ್ಟಲೆ ಕೂತಿರುತ್ತದೆ. ನಾಯಿಗೆ ಬಾಯಾರಿಕೆಯಾದಾಗ ತಣ್ಣೀರಿನ ಬಟ್ಟಲು ಮೂಗಿನ ಹತ್ತಿರ ಹಿಡಿದರೆ ಕೆಲವೊಮ್ಮೆ ಕಪ್ಪಗಿನ ತುದಿಯೊಂದು ಹೊಳ್ಳೆಯಿಂದ ಹೊರಗೆ ಇಣುಕಿ ಮತ್ತೆ ಒಳಸರಿಯುತ್ತದೆ. ಮೊಬೈಲಿನಲ್ಲಿ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ. ನೀವೇ ಎಳೆಯಲು, ಉಪ್ಪುನೀರು ಹೊಯ್ಯಲು ಹೋಗಬೇಡಿ.

ಎರಡನೆಯದು ಇಲಿಜ್ವರ. ನೆರೆ ನೀರಿನಲ್ಲಿ ಇಲಿಯ ಉಚ್ಚೆ ಸೇರಿ ಬರುವ ಕಾಯಿಲೆ, ನಾಯಿಯಿಂದ ಮನುಷ್ಯರಿಗೂ ಬರುತ್ತದೆ. ಜ್ವರ, ವಾಂತಿ, ಕಣ್ಣು ಹಳದಿಯಾಗುವುದು, ಉಚ್ಚೆ ಕೆಂಪಾಗುವುದು ಕಂಡರೆ ಅವತ್ತೇ ತೋರಿಸಿ. ಆ ದಿನಗಳಲ್ಲಿ ಅದರ ಉಚ್ಚೆಯನ್ನು ಬರಿಗೈಯಲ್ಲಿ ಒರೆಸಬೇಡಿ. ಇದಕ್ಕೆ ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆ ಇದೆ.

ತಪ್ಪಿಸಿಕೊಂಡರೆ

ಸುಮ್ನೆ ಸ್ಕೂಟರ್ ಹತ್ತಿ ಊರೆಲ್ಲ ಸುತ್ತಬೇಡಿ. ಒಬ್ಬರು ಗೇಟು ತೆರೆದಿಟ್ಟು, ಆ ಒಗೆಯದ ಕಂಬಳಿಯನ್ನು ಹೊರಗೆ ಹಾಸಿ ಕೂರಲಿ. ಇನ್ನೊಬ್ಬರು ನಡೆದೇ ಹತ್ತಿರದ ಚರಂಡಿ, ಕಟ್ಟುತ್ತಿರುವ ಕಟ್ಟಡ, ನಿಂತ ಲಾರಿಯ ಅಡಿ ನೋಡಲಿ. ಹೆದರಿದ ನಾಯಿ ಹಗಲು ಅಡಗಿ ರಾತ್ರಿ ಓಡಾಡುತ್ತದೆ. ಪೌರಕಾರ್ಮಿಕರು, ಹಾಲಿನವರು, ಕೋಳಿ ಅಂಗಡಿಯವರು, ಆಟೊ ಸ್ಟ್ಯಾಂಡಿನವರು, ಇವರಿಗೆ ಫೋಟೊ ತೋರಿಸಿ. ನಸುಕಿನ ಬೀದಿಯನ್ನು ಇವರಷ್ಟು ಕಂಡವರಿಲ್ಲ. ಬೆಲ್ಟಿಲ್ಲದ ನಾಯಿಯನ್ನು ಪಾಲಿಕೆಯ ಸಂತಾನಹರಣ ಗಾಡಿ ಎತ್ತಿಕೊಂಡು ಹೋಗಿರಬಹುದು, ಅಲ್ಲೂ ವಿಚಾರಿಸಿ. ಕಂಡಾಗ ಅಟ್ಟಿಸಿಕೊಂಡು ಹೋಗಬೇಡಿ. ಕೆಳಗೆ ಕೂತು, ಊರಲ್ಲಿ ಊಟಕ್ಕೆ ಕರೆಯುವ ಹಾಗೇ ಕರೆಯಿರಿ.

ವಾಪಸ್ ಹೋಗುವಾಗ

ಗುಡ್ಡ, ರಸ್ತೆ ಸುರಕ್ಷಿತವೇ ಎಂದು ಕೊಡಗು ಜಿಲ್ಲಾ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಕೇಳಿ. ಹಳೇ ಮನೆಗೇ ಹೋಗುವುದಾದರೆ ಕಡಿದು ಬಿದ್ದ ಕರೆಂಟ್ ತಂತಿ, ಕುಸಿದ ಕಕ್ಕಸು ಗುಂಡಿ ನೋಡಿದ ಮೇಲೇ ನಾಯಿಯನ್ನು ಬಿಡಿ.

ಹೊಸ ಜಾಗದಲ್ಲಿ ಮನೆ ಸಿಕ್ಕಿದವರಿಗೆ ಕಟ್ಟಿಹಾಕುವ ಕೆಲಸ ಮತ್ತೆ ಮೊದಲಿನಿಂದ. ಪರಿಚಿತ ಗಾಳಿ ಮೂಗಿಗೆ ಬಡಿದೊಡನೆ ನಾಯಿ ಹೋಗುವುದು ಹಳೇ ಮನೆ ಇದ್ದ ಕಡೆಗೆ, ಅಲ್ಲಿ ಮನೆ ಉಳಿದಿರಲಿ ಬಿಡಲಿ. ಹಾಗಾಗಿ ಎರಡು ಹಗ್ಗ ಇನ್ನೂ ಕೆಲವು ವಾರ ಇರಲಿ. ಹಳೇ ಜಾಗದ ಹತ್ತಿರ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಯಾರಾದರೂ ಉಳಿದಿದ್ದರೆ ಅವರ ನಂಬರ್ ತೆಗೆದುಕೊಳ್ಳಿ, ನಾಯಿ ಅಲ್ಲಿ ಕಂಡರೆ ಕಟ್ಟಿಹಾಕಿ ಫೋನ್ ಮಾಡಿ ಎಂದು ಹೇಳಿಟ್ಟು ಬನ್ನಿ.