ಭೂವಿಜ್ಞಾನ ಓದಲು ಕಾಲೇಜು ಆರಿಸುವಾಗ

ಮೊದಲು ಪಠ್ಯಕ್ರಮ ತೆಗೆದು, ಕ್ಷೇತ್ರಕಾರ್ಯ ಎಷ್ಟು ದಿನ ಅಂತ ನೋಡಿ. ಬಾಗಲಕೋಟೆಯವರಿಗೆ ಬಾದಾಮಿಯ ಮರಳುಗಲ್ಲು ಮನೆ ಬಾಗಿಲಲ್ಲೇ ಇದೆ. ವಿಜಯಪುರದವರ ಕಾಲಡಿ ಲಾವಾ ಆರಿ ಗಟ್ಟಿಯಾದ ಕಪ್ಪು ಬಸಾಲ್ಟ್. ದಿಕ್ಸೂಚಿ ಹಿಡಿದು ಇವನ್ನು ನಕ್ಷೆಗೆ ಇಳಿಸದೆ ಬರೀ ನೋಟ್ಸ್ ಓದಿದರೆ ಪದರಗಳ ದಿಕ್ಕು, ಓರೆ ತಲೆಗೆ ಹತ್ತುವುದಿಲ್ಲ.

ಪ್ರಯೋಗಾಲಯವನ್ನು ಕಣ್ಣಾರೆ ನೋಡಿ. 0.03 ಮಿಲಿಮೀಟರಿಗೆ ತೇಯ್ದ ಕಲ್ಲಿನ ಸ್ಲೈಡನ್ನು ಧ್ರುವೀಕರಣ ಸೂಕ್ಷ್ಮದರ್ಶಕದಲ್ಲಿ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು ಬಳಸುವಂಥದ್ದು) ತಿರುಗಿಸಿದಾಗ ಬೂದುಬಣ್ಣದ ಕ್ವಾರ್ಟ್ಜ್ ಖನಿಜ 90 ಡಿಗ್ರಿಗೊಮ್ಮೆ ಕಪ್ಪಾಗುವುದನ್ನು ಪ್ರತಿ ವಿದ್ಯಾರ್ಥಿಯೂ ತಾನೇ ಕಾಣಬೇಕು. ಒಂದು ಸೂಕ್ಷ್ಮದರ್ಶಕಕ್ಕೆ ಹತ್ತು ಮಂದಿ ಇದ್ದರೆ ಬೇರೆ ಕಡೆ ಹುಡುಕುವುದೇ ಲೇಸು.

ಗಣಿತ, ರಸಾಯನಶಾಸ್ತ್ರ ಬಿಡಬೇಡಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂವಿಜ್ಞಾನಿ ಹುದ್ದೆಗೆ ಯುಪಿಎಸ್‌ಸಿ ಪರೀಕ್ಷೆ ಬರೆಯಲು ಬಿಎಸ್ಸಿ ಸಾಲದು, ಸ್ನಾತಕೋತ್ತರ ಪದವಿ ಬೇಕು. ಅದಕ್ಕೆ ಹತ್ತಿರದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಐಐಟಿಗೆ ಹೋಗುವುದಾದರೆ ಅಲ್ಲಿನ ಎಂಎಸ್ಸಿ ಪ್ರವೇಶಕ್ಕಿರುವ ಜ್ಯಾಮ್ ಪರೀಕ್ಷೆಯ ಭೂವಿಜ್ಞಾನ ಪತ್ರಿಕೆ ಬರೆಯಿರಿ.