13 ಜನ ಬಿಡಿಸಬೇಕಾದ ಒಂದು ನರಿಮರಿ

ನಮ್ಮ ಹವ್ಯಾಸಿ ಗುಂಪಿನ ಮೊದಲ ಅನಿಮೇಷನ್‌ನಲ್ಲಿ ಚುಕ್ಕಿ ಅಂತ ಒಂದು ನರಿಮರಿ ಇತ್ತು. ಬೆನ್ನ ಮೇಲೆ 9 ಬಿಳಿ ಚುಕ್ಕಿ, ಅದಕ್ಕೇ ಆ ಹೆಸರು. ಡಿಸೈನ್ ನನ್ನದು, ಎರಡು ವಾರ ಕೂತು ಮಾಡಿದ್ದೆ. 13 ಜನ ತಲಾ ನಾಲ್ಕೈದು ಸೆಕೆಂಡಿನ ತುಣುಕು ಹಂಚಿಕೊಂಡರು. ಎಲ್ಲ ಬಂದ ಮೇಲೆ ಜೋಡಿಸಿ ನೋಡಿದರೆ ಒಂದರಲ್ಲಿ 7 ಚುಕ್ಕಿ, ಇನ್ನೊಂದರಲ್ಲಿ 11. ಓಡುವ ದೃಶ್ಯದಲ್ಲಂತೂ ಚುಕ್ಕಿಗಳು ಬೆನ್ನ ಮೇಲೆ ಹುಳಗಳ ಹಾಗೆ ಹರಿದಾಡುತ್ತಿದ್ದವು. ಬಿಡಿಸಿದವರದ್ದು ಏನೂ ತಪ್ಪಿರಲಿಲ್ಲ. ಕೆಲಸ, ಓದು ಮುಗಿಸಿ ರಾತ್ರಿ ಕೂತು ಪ್ರೀತಿಯಿಂದ ಮಾಡಿದ್ದರು. ನಾನು ಕೊಟ್ಟ ಡಿಸೈನೇ ಹತ್ತಾರು ಕೈಗಳಿಗೆ ಹೊಂದುವಂಥದ್ದಾಗಿರಲಿಲ್ಲ.

ಆವತ್ತು ಹಾಕಿದ ಲೆಕ್ಕವನ್ನು ಈಗ ಪ್ರತಿ ಡಿಸೈನಿಗೂ ಹಾಕುತ್ತೇನೆ. ನೀವೂ ಹಾಕಿ. ನಮ್ಮ ವಿಡಿಯೊ ಸೆಕೆಂಡಿಗೆ 24 ಫ್ರೇಮ್. ಎರಡು ಫ್ರೇಮಿಗೆ ಒಂದು ಚಿತ್ರ ಅಂದರೂ ಸೆಕೆಂಡಿಗೆ 12 ಚಿತ್ರ, 4 ಸೆಕೆಂಡಿಗೆ 48. ಚಿತ್ರಕ್ಕೆ 9 ಚುಕ್ಕಿಯಂತೆ ಒಬ್ಬರೇ 432 ಚುಕ್ಕಿ ಇಡಬೇಕು, ಅದೂ ಪ್ರತಿಯೊಂದನ್ನೂ ಸರಿಯಾದ ಜಾಗದಲ್ಲಿ. ಅಂಗಿಯ ಗುಂಡಿ, ಪಟ್ಟೆ, ಬಳೆ, ಬೆಲ್ಟಿನ ಬಕಲ್, ಯಾವುದೇ ಇರಲಿ, 48ರಿಂದ ಗುಣಿಸಿ ನೋಡಿ. ಆಮೇಲೆ ಅದನ್ನು ಅಳಿಸಿ ನೋಡಿ. ಪಾತ್ರದ ಗುರುತು ಆಗಲೂ ಸಿಗುತ್ತಿದ್ದರೆ ಅದು ಬೇಕಾಗಿಲ್ಲ. ಈಗ ಚುಕ್ಕಿಗೆ ಮೂರೇ ಚುಕ್ಕಿ. ದೊಡ್ಡವು. ಒಂದು ಹೆಗಲ ಮೇಲೆ, ಎರಡು ಸೊಂಟದ ಹತ್ತಿರ.

ಪಾತ್ರದ ಗುರುತು ಆದಷ್ಟೂ ಹೊರಗೆರೆಯಲ್ಲೇ ಇರಲಿ. ಕಿವಿ, ಬಾಲ, ಜಡೆ, ಮೂಗು ಇವನ್ನು ಹೇಗಿದ್ದರೂ ಬಿಡಿಸಲೇಬೇಕಲ್ವಾ? ಅವುಗಳ ಆಕಾರವೇ ವಿಶೇಷವಾಗಿದ್ದರೆ ಯಾರಿಗೂ ಹೆಚ್ಚಿನ ಕೆಲಸ ಬೀಳುವುದಿಲ್ಲ. ಎಲ್ಲ ಪಾತ್ರಗಳನ್ನೂ ಪಕ್ಕಪಕ್ಕ ನಿಲ್ಲಿಸಿ, ಪೂರ್ತಿ ಕಪ್ಪು ತುಂಬಿ, ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ನಮ್ಮ ನರಿಮರಿಯೂ ನಾಯಿಮರಿಯೂ ಹಾಗೆ ನೋಡಿದಾಗ ಒಂದೇ ಥರ ಇದ್ದವು. ನರಿಯ ಕಿವಿಯನ್ನು ತಲೆಯಷ್ಟೇ ಎತ್ತರ ಮಾಡಿದೆ, ನಾಯಿಯ ಕಿವಿಯನ್ನು ಕೆಳಗೆ ಜೋಲು ಬಿಟ್ಟೆ. ಅಲ್ಲಿಗೆ ಆ ಗೊಂದಲ ಮುಗಿಯಿತು.

ಇನ್ನು ಎಲ್ಲರಿಗೂ ಹಂಚುವ ಶೀಟು. ಮುಗಿದ ಚಂದದ ಚಿತ್ರ ಒಂದನ್ನೇ ಕೊಟ್ಟರೆ ಸಾಲದು. ಅದನ್ನು ಬಿಡಿಸುವುದು ಹೇಗೆ ಅಂತಲೂ ತೋರಿಸಬೇಕು. ತಲೆ ಒಂದು ಉಂಡೆ, ಮೂತಿ ಒಂದು ಮೊಂಡು ಬೆಣೆ, ಎದೆ ಒಂದು ಮೊಟ್ಟೆ, ಹೀಗೆ ಒಳಗಿನ ಆಕಾರಗಳನ್ನು ತೆಳು ಗೆರೆಯಲ್ಲಿ ಬಿಡಿಸಿಡಿ. ಅಳತೆಯನ್ನು ಪಾತ್ರದ ಮೈಯಿಂದಲೇ ಹೇಳಿ. ಚುಕ್ಕಿ ಎರಡೂವರೆ ತಲೆ ಎತ್ತರ, ಕಣ್ಣುಗಳ ನಡುವೆ ಇನ್ನೊಂದು ಕಣ್ಣು ಹಿಡಿಸುವಷ್ಟು ಜಾಗ. ಪಿಕ್ಸೆಲ್ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಯಾಕಂದರೆ ಪಾತ್ರ ಒಂದು ದೃಶ್ಯದಲ್ಲಿ ಪರದೆ ತುಂಬ ಇರುತ್ತದೆ, ಇನ್ನೊಂದರಲ್ಲಿ ದೂರದಲ್ಲಿ ಓಡುತ್ತಿರುತ್ತದೆ.

ಟರ್ನ್‌ಅರೌಂಡ್‌ಗೆ, ಅಂದರೆ ಪಾತ್ರವನ್ನು ಸುತ್ತಲಿಂದ ತೋರಿಸುವ ಚಿತ್ರಗಳಿಗೆ, ಕನಿಷ್ಠ ನಾಲ್ಕು ನೋಟ ಬೇಕು: ಮುಂದಿನಿಂದ, ಮುಕ್ಕಾಲು (ಮುಂದಕ್ಕೂ ಪಕ್ಕಕ್ಕೂ ನಡುವೆ ಓರೆಯಾಗಿ), ಪಕ್ಕದಿಂದ, ಹಿಂದಿನಿಂದ. ಕಣ್ಣು, ಗದ್ದ, ಸೊಂಟ, ಮಂಡಿಯ ಮಟ್ಟದಲ್ಲಿ ನಾಲ್ಕರ ಮೇಲೂ ಅಡ್ಡ ಗೆರೆ ಎಳೆಯಿರಿ. ಜಾಸ್ತಿ ಸಮಯ ಮುಕ್ಕಾಲು ನೋಟಕ್ಕೆ ಕೊಡಿ. ಕಥೆಯಲ್ಲಿ ಪಾತ್ರಗಳು ಹೆಚ್ಚಿನ ಹೊತ್ತು ಹಾಗೇ ನಿಂತಿರುತ್ತವೆ, ಮತ್ತು ಮೂತಿ ಆಚೆ ಕೆನ್ನೆಯನ್ನು ಎಷ್ಟು ಮುಚ್ಚುತ್ತದೆ ಅನ್ನುವಂಥ ಪ್ರಶ್ನೆ ಹುಟ್ಟುವುದೂ ಅಲ್ಲೇ.

ಎಡ, ಬಲದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚುಕ್ಕಿಯ ಒಂದು ಕಿವಿ ತುದಿಯಲ್ಲಿ ಹರಿದಿದೆ. ಶೀಟಿನಲ್ಲಿ ‘ಎಡಗಿವಿ ಹರಿದಿದೆ’ ಅಂತ ಬರೆದಿದ್ದೆ. ಐದು ಜನ ಅದನ್ನು ನೋಡುವವರ ಎಡ ಅಂದುಕೊಂಡರು. ಇನ್ನೊಬ್ಬರು ತಪ್ಪು ಹುಡುಕಲು ಕ್ಯಾನ್ವಾಸನ್ನು ಕನ್ನಡಿಯ ಹಾಗೆ ತಿರುಗಿಸಿ, ಮತ್ತೆ ಸರಿ ಮಾಡಲು ಮರೆತು ಹಾಗೇ ಕಳಿಸಿದರು. ಈಗ ‘ಚುಕ್ಕಿಯ ಎಡಗಿವಿ, ಅದು ನಮ್ಮನ್ನು ನೋಡುತ್ತಿದ್ದಾಗ ನಮ್ಮ ಬಲಕ್ಕೆ ಕಾಣುತ್ತದೆ’ ಅಂತ ಪೂರ್ತಿ ಬರೆದು ಬಾಣದ ಗುರುತು ಹಾಕುತ್ತೇನೆ. ಇಂಥ ಪಾತ್ರಕ್ಕೆ ಎರಡೂ ಪಕ್ಕದ ನೋಟ ಬಿಡಿಸುತ್ತೇನೆ. ಒಂದನ್ನು ಬಿಡಿಸಿ ಇನ್ನೊಂದಕ್ಕೆ ತಿರುಗಿಸಿ ಅಂಟಿಸುವುದಿಲ್ಲ. ಕಥೆಗೆ ಬೇಕಿಲ್ಲದಿದ್ದರೆ ಎರಡೂ ಕಡೆ ಒಂದೇ ಥರ ಇಡುವುದು ಒಳ್ಳೆಯದು. ಹರಿದ ಕಿವಿ ನಮ್ಮ ಕಥೆಗೆ ಬೇಕಿತ್ತು, ಇಟ್ಟುಕೊಂಡೆವು.

ಬಣ್ಣಗಳ ಫೈಲನ್ನು ಪಿಎನ್‌ಜಿಯಲ್ಲೇ ಕೊಡಿ. ಜೆಪೆಗ್‌ನಲ್ಲಿ ಉಳಿಸಿದಾಗ ಬಣ್ಣ ಅಲ್ಲಲ್ಲಿ ಸ್ವಲ್ಪ ಬದಲಾಗುತ್ತದೆ, ಗೆರೆಯ ಅಂಚಿನಲ್ಲಂತೂ ಕಲಸಿ ಹೋಗುತ್ತದೆ. ಚಿತ್ರದಿಂದ ಬಣ್ಣ ಎತ್ತಿಕೊಳ್ಳುವ ಐಡ್ರಾಪರ್ ಇಟ್ಟ ಜಾಗ ಒಂದು ಪಿಕ್ಸೆಲ್ ಆಚೀಚೆ ಆದರೆ ಬೇರೆಯೇ ಕೇಸರಿ ಸಿಗುತ್ತದೆ. ಮೆಸೇಜಿನಲ್ಲಿ ಫೋಟೊ ಥರ ಕಳಿಸಿದರೂ ಆ್ಯಪ್ ಅದನ್ನು ಕುಗ್ಗಿಸಿಬಿಡಬಹುದು, ಆದ್ದರಿಂದ ಫೈಲಾಗಿಯೇ ಕಳಿಸಿ. ಪ್ರತಿ ಬಣ್ಣದ ಚೌಕದ ಪಕ್ಕ ಹೆಸರು, ಆರ್‌ಜಿಬಿ ಸಂಖ್ಯೆ (ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಅನ್ನುವುದು) ಎರಡೂ ಇರಲಿ. ನಮ್ಮ ಶೀಟಿನಲ್ಲಿ ‘ಮೈ: 232, 120, 40’ ಅಂತಿದೆ. ಎಲ್ಲರೂ ಎಸ್‌ಆರ್‌ಜಿಬಿ ಅನ್ನುವ ಒಂದೇ ಬಣ್ಣದ ವ್ಯವಸ್ಥೆಯಲ್ಲೇ ಕೆಲಸ ಮಾಡಲಿ ಅಂತ ಮೊದಲೇ ಹೇಳಿಬಿಡಿ. ನೆರಳಿಗೂ ಬೇರೆ ಚೌಕ ಕೊಡಿ. ಕೆಳಗಿನ ಬಣ್ಣವನ್ನು ಗಾಢ ಮಾಡುವ ಮಲ್ಟಿಪ್ಲೈ ಲೇಯರ್ ಹಾಕಿಕೊಳ್ಳಿ ಅಂತ ಸುಮ್ನೆ ಹೇಳಿದರೆ ಒಬ್ಬರು ನೇರಳೆ ಹಾಕುತ್ತಾರೆ, ಒಬ್ಬರು ಬೂದು ಹಾಕುತ್ತಾರೆ. ಗೆರೆಯ ದಪ್ಪವನ್ನೂ ಬರೆಯಿರಿ: 1920×1080 ಕ್ಯಾನ್ವಾಸಿನಲ್ಲಿ ನಮ್ಮದು 4 ಪಿಕ್ಸೆಲ್, ಪಾತ್ರ ತುಂಬ ದೂರ ಇದ್ದರೆ 2.

ಮುಖಭಾವಗಳಲ್ಲಿ ಕಥೆಗೆ ಬೇಕಾದವನ್ನು ಮಾತ್ರ ಬಿಡಿಸಿ. ನಮಗೆ ಹೆದರಿಕೆ, ಹಟ, ನಿದ್ದೆ, ನಗು ಇಷ್ಟೇ ಬೇಕಿತ್ತು. ಪಾತ್ರ ಮಾತಾಡುವುದಾದರೆ ಬಾಯಿಯ ಆಕಾರಗಳೂ ಬೇಕು. ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು. ಇದೊಂದು ತಪ್ಪಿದರೆ ಮಾತು ತುಟಿಗೆ ಕೂರುವುದೇ ಇಲ್ಲ. ‘ಆ’ಗೆ ಅಗಲವಾಗಿ ತೆರೆದ ಬಾಯಿ, ‘ಈ’ಗೆ ಎಳೆದ ಬಾಯಿ, ‘ಊ’ಗೆ ಚೂಪು ಮಾಡಿದ ಬಾಯಿ, ಉಳಿದದ್ದಕ್ಕೆ ಅರ್ಧ ತೆರೆದದ್ದು. ಹವ್ಯಾಸಿ ಗುಂಪಿಗೆ ಈ ಐದು ಧಾರಾಳವಾಗಿ ಸಾಕು. ಮುಂದಿನಿಂದ, ಪಕ್ಕದಿಂದ, ಎರಡೂ ಕಡೆಯಿಂದ ಬಿಡಿಸಿಡಿ.

ಹಂಚುವ ಮೊದಲು ಪರೀಕ್ಷೆ ಮಾಡದೆ ಬಿಡಬೇಡಿ. ಮೊದಲು ನೀವೇ ಪಾತ್ರದ ತಲೆಯನ್ನು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ತಿರುಗಿಸಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ. ನಿಂತಾಗ ಚಂದ ಕಾಣುವ ಎಷ್ಟೋ ಕೂದಲು ತಲೆ ತಿರುಗಿಸಿದ ಕೂಡಲೇ ಅರ್ಥವಾಗದ ಗಂಟಾಗುತ್ತದೆ. ಆಮೇಲೆ ಶೀಟನ್ನು ಗುಂಪಿನಲ್ಲಿ ಎಲ್ಲರಿಗಿಂತ ಹೊಸಬರ ಕೈಗೆ ಕೊಡಿ. ಏನೂ ವಿವರಿಸಬೇಡಿ. ಅವರು ಕೇಳುವ ಒಂದೊಂದು ಪ್ರಶ್ನೆಯೂ ಶೀಟಿನಲ್ಲಿ ಬಿಟ್ಟುಹೋದ ಒಂದೊಂದು ಸಾಲು. ನಮ್ಮಲ್ಲಿ ಆಗಷ್ಟೇ ಸೇರಿದ ಹುಡುಗಿಯೊಬ್ಬಳು ಕೇಳಿದಳು, ‘ಸ್ಕಾರ್ಫಿನ ಗಂಟು ಕೂತಾಗ ಎಲ್ಲಿ ಬರುತ್ತೆ?’ ಅಂತ. ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಕೂತ ಭಂಗಿಯ ಚಿತ್ರ ಅವಳಿಂದಾಗಿ ಸೇರಿತು.

ಹಂಚಿದ ಮೇಲೆ ಡಿಸೈನ್ ಮುಟ್ಟಬೇಡಿ. ಬದಲಿಸಲೇಬೇಕಾದರೆ ಫೈಲಿನ ಹೆಸರಿನಲ್ಲಿ ಆವೃತ್ತಿಯ ಸಂಖ್ಯೆ ಹಾಕಿ, ಹಳೆಯದನ್ನು ತೆಗೆದು, ಎಲ್ಲರಿಗೂ ಒಂದೇ ಸಲ ತಿಳಿಸಿ.

ಕೊನೆಗೆ ಶೀಟಿನ ಒಂದು ಮೂಲೆಯಲ್ಲಿ ‘ಇದು ನಿಮ್ಮಿಷ್ಟ’ ಅಂತ ಜಾಗ ಬಿಡಿ. ಬಾಲ ಹೇಗೆ ಆಡಬೇಕು, ನಡಿಗೆ ಎಷ್ಟು ಕುಪ್ಪಳಿಸಬೇಕು, ಎದೆಯ ಕೂದಲು ಎಷ್ಟು ಕೆದರಿರಬೇಕು ಅನ್ನುವುದನ್ನು ನಾನು ಅಲ್ಲಿ ಬಿಟ್ಟಿರುತ್ತೇನೆ. ಸಂಬಳ ಇಲ್ಲದೆ ಬರುವವರು ತಮ್ಮದೂ ಏನಾದರೂ ಇರಲಿ ಅಂತ ಬರುತ್ತಾರೆ. ಒಬ್ಬರು ಮಲಗುವ ದೃಶ್ಯದಲ್ಲಿ ಚುಕ್ಕಿಯ ಬಾಲವನ್ನು ಮೂಗಿನವರೆಗೆ ಸುತ್ತಿ, ತುದಿಯನ್ನು ಉಸಿರಿನ ಜೊತೆ ಒಂದು ಚೂರು ಅಲ್ಲಾಡಿಸಿದ್ದರು. ನನ್ನ ಶೀಟಿನಲ್ಲಿ ಅದಿರಲಿಲ್ಲ. ಮೂರನೇ ಆವೃತ್ತಿಯಲ್ಲಿ ಇದೆ, ಅವರದೇ ಚಿತ್ರ.