ಆಪರೇಷನ್ ಮುಗೀತು, ಆದ್ರೆ ಉಸಿರು ಬರ್ಲೇ ಇಲ್ಲ

ನಾನು ಬಳ್ಳಾರಿ ಕಡೆ ಅನೆಸ್ತೇಶಿಯಾ ಡಾಕ್ಟ್ರು. ಆಪರೇಷನ್‌ಗೆ ಮುಂಚೆ ಎಲ್ರನ್ನೂ ಕೇಳ್ತೀನಿ, ನಿಮ್ಮನೇಲಿ ಯಾರಿಗಾದ್ರೂ ಆಪರೇಷನ್ ಆದ್ಮೇಲೆ ಉಸಿರು ಬರೋದು ತಡ ಆಗಿತ್ತಾ, ಆಮೇಲೆ ನೀವು ಆರ್ಯವೈಶ್ಯರಾ ಅಂತ. ಜಾತಿ ಯಾಕ್ ಬೇಕು ಅಂತ ಕೆಲವ್ರಿಗೆ ಬೇಜಾರಾಗುತ್ತೆ, ಕಾರಣ ಹೇಳಿದ್ರೆ ಅರ್ಥ ಮಾಡ್ಕೋತಾರೆ.

ವರ್ಷಗಳ ಹಿಂದೆ ಒಬ್ಬ ಹೆಂಗಸಿನ ಅಪೆಂಡಿಕ್ಸ್ ಕೇಸು, ಅರ್ಜೆಂಟು, ಗಂಟಲಿಗೆ ಟ್ಯೂಬ್ ಬೇಗ ಹಾಕ್ಬೇಕಿತ್ತು, ಸ್ಕೋಲಿನ್ ಕೊಟ್ಟೆ, ಮೈಯಿನ ಸ್ನಾಯುಗಳನ್ನೆಲ್ಲ ಸಡಿಲ ಮಾಡಿ ಉಸಿರನ್ನೂ ಸ್ವಲ್ಪ ಹೊತ್ತು ನಿಲ್ಲಿಸೋ ಔಷಧಿ. ಅದು ಐದ್ ಹತ್ತು ನಿಮಿಷದಲ್ಲಿ ಇಳಿಯುತ್ತೆ, ಉಸಿರು ಬಂದ್ಮೇಲೆ ಮುಂದಿನ ಔಷಧಿ ಕೊಡೋಣ ಅಂತ ಕಾಯ್ತಿದ್ದೆ, ಬರ್ಲೇ ಇಲ್ಲ. ಸರ್ಜನ್ ಹೊಲಿಗೆ ಮುಗಿಸಿದ್ರು, ನಾನು ನಿದ್ದೆ ಗ್ಯಾಸ್ ನಿಲ್ಲಿಸ್ದೆ, ಸ್ನಾಯುಗಳಿಗೆ ಶಕ್ತಿ ಬಂತಾ ಅಂತ ನೋಡೋಕೆ ಮಣಿಕಟ್ಟಿಗೆ ಸಣ್ಣ ಕರೆಂಟ್ ಕೊಟ್ರೆ ಹೆಬ್ಬೆರಳು ಅಲ್ಲಾಡ್ಲಿಲ್ಲ. ಅಷ್ಟರಲ್ಲಿ ಪಲ್ಸ್ 130ಕ್ಕೆ ಏರ್ತು, ಆಯಮ್ಮನ ಕಣ್ಣಂಚಲ್ಲಿ ನೀರು. ಎಚ್ಚರ ಆಗಿದೆ, ಮೈ ಮಾತ್ರ ಅಲ್ಲಾಡ್ತಿಲ್ಲ! ತಕ್ಷಣ ಮತ್ತೆ ನಿದ್ದೆ ಔಷಧಿ ಶುರು ಮಾಡ್ದೆ. ಆ ಕೆಲವು ನಿಮಿಷಕ್ಕೆ ಇವತ್ತಿಗೂ ಸಂಕಟ ಆಗುತ್ತೆ.

ಹೊರಗೆ ಅವರ ಯಜಮಾನ್ರು "ಡಾಕ್ಟ್ರೇ, ಇವಳ ಅಣ್ಣಂಗೂ ಹಿಂಗೇ ಆಗಿತ್ತು" ಅಂದ್ರು. ನಾನು ಕೇಳಿರ್ಲಿಲ್ಲ, ಅವ್ರು ಹೇಳಿರ್ಲಿಲ್ಲ.

ಸ್ಕೋಲಿನ್‌ನ ಕರಗಿಸೋದು ರಕ್ತದಲ್ಲಿರೋ ಕೋಲಿನೆಸ್ಟರೇಸ್ ಅನ್ನೋ ಎಂಜೈಮು. ಕೆಲವರಲ್ಲಿ ಅದರ ಜೀನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಎಂಜೈಮಿನ 307ನೇ ಜಾಗದಲ್ಲಿ ಲ್ಯೂಸಿನ್ ಅನ್ನೋ ಅಮೈನೋ ಆಮ್ಲದ ಬದ್ಲು ಪ್ರೋಲಿನ್ ಬಂದಿರುತ್ತೆ, ಆರ್ಯವೈಶ್ಯ ಸಮುದಾಯದಲ್ಲಿ ಇದು ಜಾಸ್ತಿ, ಸಮುದಾಯದ ಒಳಗೇ, ಸೋದರಸಂಬಂಧದಲ್ಲೂ ಮದುವೆ ಆಗ್ತಾ ಬಂದಿರೋದ್ರಿಂದ. ತಂದೆ ತಾಯಿ ಇಬ್ಬರಿಂದಲೂ ಬಂದ್ರೆ ಎಂಜೈಮ್ ಇಲ್ಲ ಅಂತಾನೇ ಲೆಕ್ಕ, ಔಷಧಿ ಗಂಟೆಗಟ್ಲೆ ಇಳಿಯಲ್ಲ. ಬೇರೆ ತೊಂದ್ರೆ ಏನೂ ಇರಲ್ಲ, ಅದಕ್ಕೇ ಮೊದಲೇ ಗೊತ್ತಾಗಲ್ಲ. ಬೇರೆ ಜನರಲ್ಲೂ ಅಪರೂಪಕ್ಕೆ ಇದೆ, ಹಾಗಾಗಿ ಜಾತಿ ಒಂದನ್ನೇ ನಂಬ್ಕೊಂಡ್ ಕೂರೋ ಹಂಗಿಲ್ಲ.

ಅವತ್ತು ಮಾಡಿದ್ದು ಇಷ್ಟೇ, ವೆಂಟಿಲೇಟರ್, ನಿದ್ದೆ, ಕಾಯೋದು. ಬೇರೆ ಸ್ನಾಯು ಸಡಿಲಿಸೋ ಔಷಧಿಗಳ ಪರಿಣಾಮ ಇಳಿಸೋ ನಿಯೋಸ್ಟಿಗ್ಮಿನ್ ಕೊಡೋಣ ಅಂತ ಸಿಸ್ಟರ್ ರೆಡಿ ಮಾಡಿದ್ರು, ಬೇಡ ಅಂದೆ, ಸ್ಕೋಲಿನ್ ವಿಷಯದಲ್ಲಿ ಅದು ಕೆಲವೊಮ್ಮೆ ಪರಿಣಾಮ ಇನ್ನೂ ಎಳೆಯುತ್ತೆ. ಐದು ಗಂಟೆ ಆದ್ಮೇಲೆ ಬೆರಳು ಅಲ್ಲಾಡ್ತು, ಆಮೇಲೆ ಉಸಿರು.

ಈಗ ಅನುಮಾನ ಬಂದ್ರೆ ಎಂಜೈಮ್ ಟೆಸ್ಟ್ ಬರೀತೀನಿ, ಕೀಟನಾಶಕ ಕುಡಿದವ್ರಿಗೆ ಮಾಡಿಸ್ತೀವಲ್ಲ ಅದೇ ಟೆಸ್ಟು. ಟೈಮ್ ಇಲ್ದಿದ್ರೆ ಸ್ಕೋಲಿನ್ ಬಿಟ್ಟು ರೊಕ್ಯುರೋನಿಯಂ, ಸ್ನಾಯು ಸಡಿಲಿಸೋದೇ, ಆದ್ರೆ ಈ ಎಂಜೈಮ್ ಅದಕ್ಕೆ ಬೇಕಿಲ್ಲ. ಎಂಜೈಮ್ ಕಡಿಮೆ ಇರೋರಿಗೆ "ಸ್ಕೋಲಿನ್ ಕೊಡಬಾರದು" ಅಂತ ಕನ್ನಡದಲ್ಲೂ ಇಂಗ್ಲಿಷಲ್ಲೂ ಬರೆದ ಚೀಟಿ ಕೊಡ್ತೀನಿ, ಆಧಾರ್ ಕಾರ್ಡ್ ಜೊತೆ ಪರ್ಸಲ್ಲೇ ಇಟ್ಕೊಳಿ, ಅಣ್ಣ ತಮ್ಮ ಅಕ್ಕ ತಂಗೀರನ್ನೂ ಒಂದ್ಸಲ ಕರ್ಕೊಂಡ್ ಬನ್ನಿ ಅಂತೀನಿ.